40 ದಾಟಿದ ಮೇಲೆ ಗಿಟಾರ್ ಕಲಿಯಬಹುದೇ? ಬೆರಳು ಉರಿಗೆ ಕಾರಣ ವಯಸ್ಸಲ್ಲ, ತಂತಿಯ ಎತ್ತರ!

ಆನ್‌ಲೈನ್‌ನಲ್ಲಿ ಅಕೌಸ್ಟಿಕ್ ಗಿಟಾರ್ ತರಿಸಿದ್ದಾಯಿತು. ಮೊದಲ ವಾರ ಆಫೀಸಿನಿಂದ ಬಂದ ಕೂಡಲೇ ಯೂಟ್ಯೂಬ್ ಹಾಕಿಕೊಂಡು ಕೂತಿದ್ದೂ ಆಯಿತು. ಎರಡನೇ ವಾರಕ್ಕೆ ಎಡಗೈ ಬೆರಳ ತುದಿ ಉರಿಯತೊಡಗಿತು. ಮೂರನೇ ವಾರ 'ಮಕ್ಕಳಾದರೆ ಬೇಗ ಕಲೀತಾರೆ, ಈ ವಯಸ್ಸಲ್ಲಿ ನಮಗೆಲ್ಲಿ ಬರುತ್ತೆ' ಎಂಬ ಮಾತು ಬಾಯಿಗೆ ಬಂತು. ಮೂರು ತಿಂಗಳು ತುಂಬುವಷ್ಟರಲ್ಲಿ ಗಿಟಾರ್ ಬೀರುವಿನ ಮೇಲೆ ಹೋಗಿ ಕೂತಿತು.

ಇದು ಒಬ್ಬಿಬ್ಬರ ಕಥೆಯಲ್ಲ. ಹೊಸದಾಗಿ ಗಿಟಾರ್ ಹಿಡಿದವರಲ್ಲಿ ಸುಮಾರು ಶೇ. 90ರಷ್ಟು ಜನ ಮೊದಲ ವರ್ಷದೊಳಗೇ ಬಿಟ್ಟುಬಿಡುತ್ತಾರೆ ಎಂದು ಅಮೆರಿಕದ ಪ್ರಸಿದ್ಧ ಗಿಟಾರ್ ಕಂಪನಿ ಫೆಂಡರ್‌ನ ಸಿಇಒ ಆಗಿ ಆಂಡಿ ಮೂನಿ ಸಂದರ್ಶನಗಳಲ್ಲಿ ಹೇಳಿದ್ದರು. ಕಂಪನಿಗೆ ಇದು ವ್ಯಾಪಾರದ ಚಿಂತೆ. 2017ರಲ್ಲಿ ಅದು 'ಫೆಂಡರ್ ಪ್ಲೇ' ಎಂಬ ಆನ್‌ಲೈನ್ ಪಾಠವನ್ನು ಶುರು ಮಾಡಿದ್ದರ ಹಿಂದೆ ಇದೇ ಲೆಕ್ಕಾಚಾರವಿತ್ತು. ಆದರೆ ಬಿಟ್ಟವರಲ್ಲಿ ಬಹಳಷ್ಟು ಜನ ದೂರುವುದು ತಮ್ಮ ವಯಸ್ಸನ್ನು, ಇಲ್ಲವೇ 'ನನಗೆ ಸಂಗೀತದ ತಲೆ ಇಲ್ಲ' ಎಂದು. ನಿಜವಾದ ಕಾರಣ ಹಲವು ಸಲ ವಾದ್ಯದಲ್ಲಿ, ಫೋನ್ ಇಟ್ಟ ಜಾಗದಲ್ಲಿ, ದಿನಕ್ಕೊಂದು ವಿಡಿಯೋ ಬದಲಿಸುವ ಅಭ್ಯಾಸದಲ್ಲಿ ಇರುತ್ತದೆ. ಇವೆಲ್ಲ ಸರಿಪಡಿಸಬಹುದಾದ ಸಂಗತಿಗಳು.

ವಯಸ್ಸಿನ ಮಾತಿಗೊಂದು ಉದಾಹರಣೆ ಇದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಗ್ಯಾರಿ ಮಾರ್ಕಸ್ 40ರ ಹೊಸ್ತಿಲಲ್ಲಿ ಗಿಟಾರ್ ಕಲಿಯಲು ಕೂತರು. ಲಯದಲ್ಲಿ ತಾವು ತೀರಾ ಹಿಂದೆ ಎಂದು ಅವರೇ ಒಪ್ಪಿಕೊಂಡಿದ್ದರು. ಆ ಅನುಭವವನ್ನೂ ಕಲಿಕೆಯ ವಿಜ್ಞಾನವನ್ನೂ ಸೇರಿಸಿ ಬರೆದ 'ಗಿಟಾರ್ ಝೀರೋ' ಪುಸ್ತಕ 2012ರಲ್ಲಿ ಬಂತು. ಅವರೇನೂ ದೊಡ್ಡ ಕಲಾವಿದರಾಗಲಿಲ್ಲ, ನುಡಿಸಲು ಕಲಿತರು. ದೊಡ್ಡವರಲ್ಲಿ ಬಹುತೇಕರಿಗೆ ಬೇಕಿರುವುದೂ ಅಷ್ಟೇ.

ದೊಡ್ಡವರಿಗೆ ಇರುವ ನಿಜವಾದ ತೊಡಕು ಬೇರೆ. ಅವರ ಕಿವಿ ಆಗಲೇ ಮೂವತ್ತು ವರ್ಷ ಒಳ್ಳೆಯ ಸಂಗೀತ ಕೇಳಿದೆ, ಕೈಗೆ ಮಾತ್ರ ಮೂರು ವಾರದ ಪಾಠವಾಗಿದೆ. ಹತ್ತು ವರ್ಷದ ಹುಡುಗ ತಾನು ನುಡಿಸಿದ ಕರ್ಕಶ ಸದ್ದಿಗೂ ಖುಷಿಪಡುತ್ತಾನೆ. ಅವನಪ್ಪನಿಗೆ ಅದೇ ಸದ್ದು ನಾಚಿಕೆ ತರಿಸುತ್ತದೆ.

ಮೊದಲು ಗಿಟಾರನ್ನು ಪರೀಕ್ಷಿಸಿ, ಆಮೇಲೆ ನಿಮ್ಮನ್ನು

ಬೆರಳ ತುದಿ ಸ್ವಲ್ಪ ನೋಯುವುದು ಸಹಜ. ಉಕ್ಕಿನ ತಂತಿಯನ್ನು ದಿನವೂ ಒತ್ತುತ್ತಿದ್ದರೆ ಕೆಲವೇ ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಆದರೆ ಕಣ್ಣಲ್ಲಿ ನೀರು ಬರುವಷ್ಟು ಒತ್ತಬೇಕಾಗಿ ಬಂದರೆ ಅನುಮಾನಪಡಬೇಕಾದದ್ದು ಗಿಟಾರನ್ನೇ.

ಶಾಲೆಯ ಮಕ್ಕಳ ಸ್ಕೇಲ್ ತೆಗೆದುಕೊಳ್ಳಿ. ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. 12ನೇ ಫ್ರೆಟ್ ಬಳಿ ಅತಿ ದಪ್ಪ ತಂತಿಗೂ ಆ ಪಟ್ಟಿಗೂ ನಡುವಿನ ಅಂತರ ಅಳೆಯಿರಿ. ಎರಡು, ಎರಡೂವರೆ ಮಿಲಿಮೀಟರ್ ಇದ್ದರೆ ಒಳ್ಳೆಯದು. ಮೂರು ದಾಟಿದರೆ ತಂತಿ ಎತ್ತರ ಹೆಚ್ಚಾಗಿದೆ ಎಂದರ್ಥ. ಪೆಟ್ಟಿಗೆಯಲ್ಲಿ ಬರುವ ಅಗ್ಗದ ಗಿಟಾರುಗಳಲ್ಲಿ ಈ ದೋಷ ಸಾಮಾನ್ಯ. ಇದನ್ನು ತಗ್ಗಿಸಿ ಕೊಡುವ ಕೆಲಸಕ್ಕೆ 'ಸೆಟಪ್' ಎನ್ನುತ್ತಾರೆ. ದೊಡ್ಡ ನಗರಗಳ ವಾದ್ಯದಂಗಡಿಗಳಲ್ಲಿ ವಿಚಾರಿಸಿದರೆ ಮಾಡಿಕೊಡುವವರು ಸಿಗುತ್ತಾರೆ. ಕತ್ತಿನೊಳಗಿನ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳನ್ನು ವಿಡಿಯೋ ನೋಡಿ ನೀವೇ ತಿರುಗಿಸಲು ಹೋಗಬೇಡಿ.

ಅಲ್ಲಿಯವರೆಗೆ ಒಂದು ಉಪಾಯವಿದೆ. ಆರೂ ತಂತಿಗಳನ್ನು ಎರಡು ಸ್ವರಸ್ಥಾನದಷ್ಟು ಕೆಳಗಿಳಿಸಿ ಟ್ಯೂನ್ ಮಾಡಿ, 2ನೇ ಫ್ರೆಟ್‌ಗೆ ಕ್ಯಾಪೋ ಹಾಕಿ. ಕ್ಯಾಪೋ ಎಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್. ಹೀಗೆ ಮಾಡಿದರೆ ಹೊರಡುವ ಸ್ವರ ಮೊದಲಿನದ್ದೇ, ತಂತಿಯ ಬಿಗಿತ ಮಾತ್ರ ಸುಮಾರು ಶೇ. 20ರಷ್ಟು ಕಡಿಮೆ. ಫ್ರೆಟ್‌ಗಳ ನಡುವಿನ ಅಂತರವೂ ಕೊಂಚ ಕಿರಿದಾಗುತ್ತದೆ, ಚಿಕ್ಕ ಕೈಯವರಿಗೆ ಅದೂ ಲಾಭವೇ. ತಂತಿ ಬದಲಿಸುವುದಾದರೆ 12ರ ಬದಲು 10 ಅಥವಾ 11 ಗೇಜಿನ ತೆಳು ಸೆಟ್ ಕೇಳಿ.

ಇನ್ನೂ ಕೊಂಡಿಲ್ಲವೆಂದರೆ ಅಂಗಡಿಗೆ ಹೋಗಿ ಮಡಿಲಲ್ಲಿಟ್ಟು ನೋಡುವುದೇ ಒಳ್ಳೆಯದು. ಚೆನ್ನೈನ ಮ್ಯೂಸೀ ಮ್ಯೂಸಿಕಲ್ 1842ರಿಂದ, ಮುಂಬೈನ ಫುರ್ಟಾಡೋಸ್ 1865ರಿಂದ ವಾದ್ಯ ಮಾರುತ್ತಿವೆ. ಇಂಥ ಅಂಗಡಿಗಳಲ್ಲಿ ಯಾರೂ ಹೊಸಬರನ್ನು ವಿಚಿತ್ರವಾಗಿ ನೋಡುವುದಿಲ್ಲ. ಡ್ರೆಡ್‌ನಾಟ್ ಎಂಬ ದೊಡ್ಡ ಹೊಟ್ಟೆಯ ಗಿಟಾರ್ ನೋಡಲು ಚೆಂದ, ಆದರೆ ತೋಳು ಗಿಡ್ಡ ಇದ್ದವರಿಗೆ ಭುಜ ನೋಯಿಸುತ್ತದೆ. ಅವರಿಗೆ ಚಿಕ್ಕ ಬಾಡಿಯದ್ದೇ ವಾಸಿ.

ಒಂದು ಎಚ್ಚರಿಕೆ. ಬೆರಳ ತುದಿಯ ಉರಿ ಬೇರೆ, ಮಣಿಕಟ್ಟಿನ ನೋವು ಬೇರೆ. ಮಣಿಕಟ್ಟು ನೋಯುತ್ತಿದ್ದರೆ, ಬೆರಳು ಜುಮ್ಮೆನ್ನುತ್ತಿದ್ದರೆ ಅಂದಿನ ಅಭ್ಯಾಸ ನಿಲ್ಲಿಸಿ, ಮತ್ತೆ ಮತ್ತೆ ಬಂದರೆ ವೈದ್ಯರಿಗೆ ತೋರಿಸಿ. ಮನೆಯಲ್ಲೇ ಶುಗರ್ ನೋಡಿಕೊಳ್ಳುವವರು ಎಡಗೈ ಬೆರಳುಗಳನ್ನು ಬಿಟ್ಟು ಬಲಗೈಯಲ್ಲಿ ಚುಚ್ಚಿಕೊಂಡರೆ ತಂತಿ ಒತ್ತುವಾಗ ಕಷ್ಟವಾಗದು.

ಪರದೆಯ ಮೇಲಿನ ಗುರು ನಿಮ್ಮನ್ನು ನೋಡುವುದಿಲ್ಲ

ಆನ್‌ಲೈನ್ ಪಾಠದ ಕೊರತೆ ಇದೊಂದೇ, ಆದರೆ ದೊಡ್ಡದು. ಎದುರಿಗೆ ಗುರುಗಳಿದ್ದರೆ 'ಹೆಬ್ಬೆರಳು ಕೆಳಗಿಳಿಸಿ' ಎಂದು ಅರೆಕ್ಷಣದಲ್ಲಿ ತಿದ್ದುತ್ತಿದ್ದರು. ವಿಡಿಯೋ ತಿದ್ದುವುದಿಲ್ಲ. ಹೀಗಾಗಿ ಆ ಕೆಲಸ ನಿಮ್ಮ ಫೋನಿನ ಕ್ಯಾಮೆರಾ ಮಾಡಬೇಕು. ವಾರಕ್ಕೊಮ್ಮೆ ಎರಡು ನಿಮಿಷ ರೆಕಾರ್ಡ್ ಮಾಡಿ, ಆಗಲೇ ನೋಡದೆ ಮಾರನೆಯ ದಿನ ನೋಡಿ. ನುಡಿಸುವಾಗ ಕೇಳಿಸದ ತಪ್ಪು ಮರುದಿನ ಸ್ಪಷ್ಟವಾಗಿ ಕೇಳಿಸುತ್ತದೆ. ಒಂದು ತಿಂಗಳ ಹಿಂದಿನ ರೆಕಾರ್ಡಿಂಗ್ ಕೇಳಿದರೆ ಎಷ್ಟು ಮುಂದೆ ಬಂದಿದ್ದೀರೆಂಬುದೂ ಗೊತ್ತಾಗುತ್ತದೆ.

ನೋಡಬೇಕಾದದ್ದು ಮೂರೇ. ಬೆರಳು ಫ್ರೆಟ್ ಪಟ್ಟಿಗೆ ತಾಗುವಷ್ಟು ಹತ್ತಿರ, ಅದರ ಹಿಂದೆಯೇ ಇದೆಯೇ ಅಥವಾ ಎರಡು ಪಟ್ಟಿಗಳ ನಡುವೆ ಬಿದ್ದಿದೆಯೇ? ನಡುವೆ ಒತ್ತಿದರೆ ದುಪ್ಪಟ್ಟು ಬಲ ಹಾಕಿದರೂ ತಂತಿ ಜಿರ್ರೆನ್ನುತ್ತದೆ. ಬೆರಳು ತುದಿಯ ಮೇಲೆ ನಿಂತಿದೆಯೇ, ಮಲಗಿ ಪಕ್ಕದ ತಂತಿಯ ಸದ್ದನ್ನು ಅಡಗಿಸುತ್ತಿದೆಯೇ? ಬೆರಳು ಕಾಣಲೆಂದು ಗಿಟಾರನ್ನು ಮಲಗಿಸಿಕೊಂಡು, ಕತ್ತು ಬಗ್ಗಿಸಿ ಕೂತಿದ್ದೀರಾ? ಎಲ್ಲ ಹೊಸಬರೂ ಇದನ್ನು ಮಾಡುತ್ತಾರೆ, ಮಣಿಕಟ್ಟಿನ ನೋವು ಹುಟ್ಟುವುದೇ ಇಲ್ಲಿ. ಫೋನನ್ನು ಮಂಚದ ಮೇಲಿಡದೆ ಕಣ್ಣಿನ ಎತ್ತರಕ್ಕೆ ಇಟ್ಟುಕೊಂಡರೆ ಅರ್ಧ ಸರಿಯಾಗುತ್ತದೆ.

ಇನ್ನೊಂದು ಗೊಂದಲ ಚಿತ್ರಗಳದ್ದು. ಕಾರ್ಡ್ ಚಿತ್ರದಲ್ಲಿ ಎಡತುದಿಯ ಗೆರೆ ಅತಿ ದಪ್ಪ ತಂತಿ, ಅಂದರೆ 6ನೆಯದು. ಟ್ಯಾಬ್ ಎಂಬ ಆರು ಗೆರೆಗಳ ಬರಹದಲ್ಲಿ ಮೇಲಿನ ಗೆರೆ ಅತಿ ತೆಳು ತಂತಿ, 1ನೆಯದು. ಮಡಿಲಲ್ಲಿರುವ ಗಿಟಾರಿನಲ್ಲಿ ಆ ತಂತಿ ಕೆಳಗಿರುತ್ತದೆ, ಹಾಗಾಗಿ ಟ್ಯಾಬ್ ತಲೆಕೆಳಗಾಗಿ ಕಾಣುತ್ತದೆ. ಇದು ತಿಳಿಯದೆ ವಾರಗಟ್ಟಲೆ ತಪ್ಪು ತಂತಿ ಒತ್ತಿದವರಿದ್ದಾರೆ.

ಜೂಮ್‌ನಲ್ಲಿ ಗುರುಗಳ ಹತ್ತಿರ ನೇರವಾಗಿ ಕಲಿಯುವವರು ಸೆಟ್ಟಿಂಗ್ಸ್‌ಗೆ ಹೋಗಿ 'ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್' ಆನ್ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಗಿಟಾರಿನ ನಾದವನ್ನೇ ಆ್ಯಪ್ ಗದ್ದಲವೆಂದುಕೊಂಡು ಕತ್ತರಿಸುತ್ತದೆ. ಗುರುಗಳ ಜೊತೆಜೊತೆಗೇ ನುಡಿಸಲು ಯತ್ನಿಸಬೇಡಿ. ಇಂಟರ್‌ನೆಟ್‌ನಲ್ಲಿ ಸದ್ದು ತಡವಾಗಿ ಬರುವುದರಿಂದ ತಾಳ ಕೂಡುವುದಿಲ್ಲ, ತಪ್ಪು ನಿಮ್ಮದೆಂದು ಅನಿಸುತ್ತದೆ ಅಷ್ಟೇ. ಅವರು ನುಡಿಸಿ ನಿಲ್ಲಿಸಲಿ, ನೀವು ಆಮೇಲೆ ನುಡಿಸಿ.

ಒಂದೇ ಪಾಠಮಾಲೆ, ಒಂದು ನಿಮಿಷದ ಲೆಕ್ಕ

ಉಚಿತ ವಿಡಿಯೋಗಳಿಗೆ ಕೊರತೆಯಿಲ್ಲ, ಹೆಚ್ಚಾಗಿರುವುದೇ ಸಮಸ್ಯೆ. ಸೋಮವಾರ ಒಬ್ಬರ ಸ್ಟ್ರಮ್ಮಿಂಗ್, ಮಂಗಳವಾರ ಇನ್ನೊಬ್ಬರ 'ಐದು ನಿಮಿಷದಲ್ಲಿ ಹಾಡು' ನೋಡುತ್ತ ಹೋದರೆ ನೋಡಿದ್ದಾಗುತ್ತದೆ, ಕಲಿತಿರುವುದಿಲ್ಲ. ಯಾವುದಾದರೂ ಒಂದು ಪಾಠಮಾಲೆ ಹಿಡಿದು ಮೂರು ತಿಂಗಳು ಅದರಲ್ಲೇ ಇರಿ. ಇಂಗ್ಲಿಷ್ ತೊಡಕಿಲ್ಲದವರಿಗೆ ಜಸ್ಟಿನ್ ಸ್ಯಾಂಡರ್ಕೋ ಅವರ ಜಸ್ಟಿನ್‌ಗಿಟಾರ್ ಒಳ್ಳೆಯ ಆಯ್ಕೆ. ಆಸ್ಟ್ರೇಲಿಯಾದ ಟಾಸ್ಮೇನಿಯಾ ಮೂಲದ ಈ ಶಿಕ್ಷಕ 2003ರಿಂದ ಪಾಠ ಕೊಡುತ್ತ ಬಂದಿದ್ದಾರೆ, ವೆಬ್‌ಸೈಟಿನ ಆರಂಭಿಕ ಪಾಠಗಳು ಉಚಿತ.

ಅವರ ಪಾಠಗಳಲ್ಲಿ ಹೆಸರಾದ ಅಭ್ಯಾಸವೊಂದು ದೊಡ್ಡವರಿಗೆ ಹೇಳಿ ಮಾಡಿಸಿದಂತಿದೆ. ಎರಡು ಕಾರ್ಡ್ ಆರಿಸಿ, ಒಂದು ನಿಮಿಷ ಟೈಮರ್ ಹಾಕಿ, ಒಂದರಿಂದ ಇನ್ನೊಂದಕ್ಕೆ ಎಷ್ಟು ಸಲ ಹೋದಿರೆಂದು ಎಣಿಸಿ ಬರೆದಿಡಿ. ಮೊದಲ ದಿನ 8 ಬರಬಹುದು. 30 ಮುಟ್ಟಿದರೆ ನಿಧಾನದ ಹಾಡೊಂದನ್ನು ಶುರು ಮಾಡಬಹುದು, ಗುರಿ 60. 'ಬರುತ್ತಿಲ್ಲ' ಎಂಬ ಬೇಸರದ ಜಾಗದಲ್ಲಿ 'ನಿನ್ನೆ 14, ಇವತ್ತು 17' ಎಂಬ ಲೆಕ್ಕ ಬಂದು ಕೂರುತ್ತದೆ.

ಶುರುವಿಗೆ ಇ ಮೈನರ್ ಸಾಕು, ಎರಡೇ ಬೆರಳು: 5 ಮತ್ತು 4ನೇ ತಂತಿ, ಎರಡೂ 2ನೇ ಫ್ರೆಟ್‌ನಲ್ಲಿ. ಆಮೇಲೆ ಎ ಮೈನರ್: 4 ಮತ್ತು 3ನೇ ತಂತಿ 2ನೇ ಫ್ರೆಟ್, 2ನೇ ತಂತಿ 1ನೇ ಫ್ರೆಟ್. ಈ ಆಕಾರವನ್ನು ಹಾಗೆಯೇ ದಪ್ಪ ತಂತಿಯ ಕಡೆ ಒಂದು ತಂತಿ ಸರಿಸಿದರೆ ಇ ಮೇಜರ್ ಸಿಕ್ಕಿತು! ಇನ್ನು ಎ ಮತ್ತು ಡಿ ಕಲಿತರೆ, ಎ, ಡಿ, ಇ ಮೂರರಲ್ಲೇ ಎಷ್ಟೋ ಸರಳ ಹಾಡುಗಳು ಕೂರುತ್ತವೆ. ಎಫ್ ಬಂದಾಗ ಎಲ್ಲರೂ ಮುಗ್ಗರಿಸುತ್ತಾರೆ. ಒಂದೇ ಬೆರಳಲ್ಲಿ ಆರು ತಂತಿ ಒತ್ತುವ ಈ ಕಾರ್ಡನ್ನು ಮೊದಲ ಮೂರು ತಿಂಗಳು ಮುಟ್ಟದಿದ್ದರೂ ನಡೆಯುತ್ತದೆ.

ದಿನಕ್ಕೆ 15 ನಿಮಿಷ ಕೂತರೆ ಸಾಕು. ಭಾನುವಾರ ಒಂದೇ ಸಲ ಎರಡು ಗಂಟೆ ಕೂತರೆ ಬೆರಳೂ ಕೆಡುತ್ತದೆ, ಪಾಠವೂ ನಿಲ್ಲುವುದಿಲ್ಲ. ರಾತ್ರಿ ಹತ್ತಕ್ಕೆ ಮನೆ ಸೇರುವವರು ಪಕ್ಕದ ಫ್ಲ್ಯಾಟಿನವರಿಗೆ ಹೆದರಬೇಕಿಲ್ಲ. ತಂತಿಗಳ ಕೆಳಗೆ, ಬ್ರಿಡ್ಜ್ ಹತ್ತಿರ ಒಂದು ಕರ್ಚೀಫು ತುರುಕಿದರೆ ಸದ್ದು ತಗ್ಗುತ್ತದೆ, ಕಾರ್ಡ್ ಬದಲಿಸುವ ಅಭ್ಯಾಸಕ್ಕೆ ಅಷ್ಟು ಸಾಕು. ಯೂಟ್ಯೂಬ್ ವೇಗವನ್ನು 0.75ಕ್ಕೆ ಇಳಿಸಿದರೆ ಶ್ರುತಿ ಬದಲಾಗದೆ ಹಾಡು ನಿಧಾನವಾಗುತ್ತದೆ. ಗೂಗಲ್‌ನಲ್ಲಿ ಮೆಟ್ರೊನೋಮ್ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ತಾಳದ ಗಡಿಯಾರ ಅಲ್ಲೇ ತೆರೆದುಕೊಳ್ಳುತ್ತದೆ, 60ರಿಂದ ಶುರು ಮಾಡಿ.

ಹಾರ್ಮೋನಿಯಂ ಗೊತ್ತಿದ್ದವರಿಗೆ ಅರ್ಧ ಪಾಠ ಮುಗಿದಂತೆ

ಚಿಕ್ಕಂದಿನಲ್ಲಿ ಸಂಗೀತ ಪಾಠಕ್ಕೆ ಹೋಗಿದ್ದವರು, ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಭಾವಗೀತೆ ಹಾಡುವವರು ಗಿಟಾರನ್ನು ತೀರಾ ಹೊರಗಿನ ವಿದ್ಯೆ ಎಂದುಕೊಳ್ಳಬೇಕಿಲ್ಲ. ಸ, ಗ, ಪ ಮೂರನ್ನೂ ಒಟ್ಟಿಗೆ ನುಡಿಸಿದರೆ ಅದೇ ಮೇಜರ್ ಕಾರ್ಡ್. ಅಂತರ ಗಾಂಧಾರದ ಬದಲು ಸಾಧಾರಣ ಗಾಂಧಾರ, ಹಿಂದೂಸ್ತಾನಿಯವರ ಮಾತಲ್ಲಿ ಕೋಮಲ ಗ, ಹಾಕಿದರೆ ಮೈನರ್. ಶಂಕರಾಭರಣದ ಸ್ವರಗಳೇ ಮೇಜರ್ ಸ್ಕೇಲ್. ಮೋಹನದಂಥ ರಾಗದ ಸರಳ ಹಾಡುಗಳಿಗೆ ಮೇಜರ್ ಕಾರ್ಡುಗಳು ಸಲೀಸಾಗಿ ಹೊಂದುತ್ತವೆ. ಎಲ್ಲಕ್ಕೂ ಹೊಂದುವುದಿಲ್ಲ ಎಂಬುದೂ ನಿಜ. ತೋಡಿಯಂಥ ಗಮಕ ತುಂಬಿದ ರಾಗದ ಕೆಳಗೆ ಕಾರ್ಡ್ ಹಾಕಲು ಹೋದರೆ ಎರಡೂ ಕೆಡುತ್ತವೆ.

ಶ್ರುತಿಯ ಚಿಂತೆಗೆ ಕ್ಯಾಪೋ ಉತ್ತರ. ನಿಮ್ಮದು ಹಾರ್ಮೋನಿಯಂನ ಕಪ್ಪು 1 ಆದರೆ 4ನೇ ಫ್ರೆಟ್‌ಗೆ ಕ್ಯಾಪೋ ಹಾಕಿ ಎ, ಡಿ, ಇ ಆಕಾರಗಳನ್ನೇ ನುಡಿಸಿ. ಬಿಳಿ 6 ಆದರೆ ಕ್ಯಾಪೋ ಬೇಡ, ಅದೇ ಎ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ತತ್ವಪದವನ್ನು ಗಿಟಾರಿಗೆ ಕೂರಿಸಿದ್ದನ್ನು ಕೇಳಿದವರಿಗೆ ಈ ಹೊಂದಾಣಿಕೆಯ ರುಚಿ ಗೊತ್ತು. ನೆಟ್‌ನಲ್ಲಿ ಕನ್ನಡ ಹಾಡುಗಳಿಗೆ ಸಿಗುವ ಕಾರ್ಡುಗಳಲ್ಲಿ ಮಾತ್ರ ತಪ್ಪು ಹೆಚ್ಚು. ಹಾಡಿಕೊಂಡು ನುಡಿಸಿ ನೋಡಿ, ಕಿವಿಗೆ ಕೂಡದಿದ್ದರೆ ಕಿವಿಯನ್ನೇ ನಂಬಿ.

ಮಳೆಗಾಲ ಬಂದಾಗ

ಅಭ್ಯಾಸ ತಪ್ಪಿಸುವ ಇನ್ನೊಂದು ಕಾರಣ ಹವೆ. ಮುಂಬೈನ ಜೂನ್‌, ಚೆನ್ನೈನ ನವೆಂಬರ್‌ನಲ್ಲಿ ಮರ ತೇವ ಕುಡಿದು ಉಬ್ಬುತ್ತದೆ, ತಂತಿಯ ಎತ್ತರ ಏರುತ್ತದೆ. ಮೇ ತಿಂಗಳ ದೆಹಲಿ, ಹೈದರಾಬಾದ್‌ನ ಒಣಹವೆಯಲ್ಲಿ ಮರ ಕುಗ್ಗಿ ಬಿರುಕು ಬಿಡಬಹುದು. ಶೇ. 45ರಿಂದ 55ರಷ್ಟು ತೇವಾಂಶ ಗಿಟಾರಿಗೆ ಹಿತ. ಮಳೆಗಾಲದಲ್ಲಿ ಬ್ಯಾಗಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಹೊರಗಿನ ಗೋಡೆಗೆ ಒರಗಿಸಬೇಡಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಂತೂ ಬಿಡಲೇಬಾರದು, ಅಂಟು ಸಡಿಲವಾಗುತ್ತದೆ.

ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ತಂತಿ ಒರೆಸಿದರೆ ಬೆವರಿಗೆ ತುಕ್ಕು ಹಿಡಿಯುವುದು ತಡವಾಗುತ್ತದೆ. ಬೀರುವಿನ ಮೇಲೆ ವರ್ಷಗಟ್ಟಲೆ ಕೂತ ಗಿಟಾರನ್ನು ಈಗ ಕೆಳಗಿಳಿಸುವವರು ಹಳೆಯ ತಂತಿಯಲ್ಲೇ ಶುರು ಮಾಡಬೇಡಿ. ತುಕ್ಕು ಹಿಡಿದ ತಂತಿ ಬೆರಳು ಕೊಯ್ಯುತ್ತದೆ, ಶ್ರುತಿಯಲ್ಲೂ ನಿಲ್ಲುವುದಿಲ್ಲ. ಹೊಸ ಸೆಟ್ ಹಾಕಿಸಲು ಅಂಗಡಿಗೆ ಹೇಗೂ ಹೋಗುತ್ತೀರಲ್ಲ, 12ನೇ ಫ್ರೆಟ್‌ನ ಅಂತರವನ್ನೂ ಅವರ ಕೈಯಲ್ಲೇ ಅಳೆಸಿ.