ಚಿಪ್ಪಗಿರಿಯ ಸುಳಾದಿ, ತೆಲುಗು ಲಿಪಿಯಲ್ಲಿ

ತೆಲುಗು ಲಿಪಿಯಲ್ಲಿ 'ಹಾಲು' ಎಂದು ಬರೆದು ತೋರಿಸಿದರೆ ತೆಲುಗಿನವರು ಮನೆಯ ಹಾಲ್ ಎಂದುಕೊಳ್ಳುತ್ತಾರೆ. ಅವರಿಗೆ ಹಾಲೆಂದರೆ ಪಾಲು, ಹುಲಿಯೆಂದರೆ ಪುಲಿ. ಆದವಾನಿ, ಆಲೂರು ಕಡೆ ಮಾತ್ರ ತೆಲುಗು ಅಕ್ಷರದ ಪುಸ್ತಕ ಹಿಡಿದು ಕೂತವರ ಬಾಯಲ್ಲಿ ಹಾಲು ಹಾಲಾಗಿಯೇ ಬರುತ್ತದೆ. ಅವರು ಹಾಡುತ್ತಿರುವುದು ಕನ್ನಡದ ದಾಸರ ಪದ.

ಈ ಕಡೆ ಹೀಗಾದದ್ದಕ್ಕೆ ಒಂದು ತಾರೀಖಿದೆ: 1953ರ ಅಕ್ಟೋಬರ್ 1. ಅಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಶಾಲೆಯಲ್ಲಿ ಅಕ್ಷರ ಬದಲಾಯಿತು. ದೇವರ ಮನೆಯಲ್ಲಿ ಮಾತು ಬದಲಾಗಲಿಲ್ಲ.

ಆಲೂರು ಸೀಮೆಯ ಚಿಪ್ಪಗಿರಿಯಲ್ಲೇ ವಿಜಯದಾಸರ ಕಟ್ಟೆಯಿದೆ. ಮಾನ್ವಿ ಹತ್ತಿರದ ಚೀಕಲಪರವಿಯಲ್ಲಿ 1682ರಲ್ಲಿ ಹುಟ್ಟಿದ ಬಡ ದಾಸಪ್ಪನೇ ಈ ವಿಜಯದಾಸರು; ಕಾಶಿಯಲ್ಲಿ ಕನಸಿನಲ್ಲಿ ಬಂದ ಪುರಂದರದಾಸರಿಂದ 'ವಿಜಯವಿಠ್ಠಲ' ಎಂಬ ಅಂಕಿತ, ಅಂದರೆ ಹಾಡಿನ ಕೊನೆಗೆ ಬರುವ ಗುರುತಿನ ಹೆಸರು, ಪಡೆದರೆಂದು ಭಕ್ತರು ನಂಬುತ್ತಾರೆ. 1755ರಲ್ಲಿ ಅವರು ದೇಹ ಬಿಟ್ಟದ್ದು ಚಿಪ್ಪಗಿರಿಯಲ್ಲಿ. ಅವರ ಬಲವೆಲ್ಲ ಸುಳಾದಿಯಲ್ಲಿದೆ. ಧ್ರುವ, ಮಟ್ಟ, ರೂಪಕ ಎಂದು ನುಡಿಯಿಂದ ನುಡಿಗೆ ತಾಳ ಬದಲಾಗುತ್ತ, ಕೊನೆಗೆ ಎರಡು ಸಾಲಿನ 'ಜತೆ'ಗೆ ಬಂದು ನಿಲ್ಲುವ ರಚನೆ ಅದು. ಸಂಸ್ಕೃತ ಬಲ್ಲವರ ಸೊತ್ತಾಗಿದ್ದ ದ್ವೈತ ವೇದಾಂತ ಅದರೊಳಗೆ ಕನ್ನಡವಾಗಿ ಕೂತಿದೆ. ಅಡುಗೆಮನೆಯಲ್ಲಿದ್ದ ಹೆಂಗಸರೂ ಅದನ್ನು ಬಾಯಿಪಾಠ ಮಾಡಿದರು. ದುರ್ಗಾ ಸುಳಾದಿ ಇವತ್ತಿಗೂ ಎಷ್ಟೋ ಮನೆಗಳಲ್ಲಿ ನಿತ್ಯದ ಪಾರಾಯಣ.

ಹೀಗೆ ಮನೆಮನೆಯಲ್ಲಿ ಉಳಿಯುವ ಭಾಗ್ಯ ಎಲ್ಲ ಬರಹಗಳಿಗೂ ಇರಲಿಲ್ಲ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ರೈತರಿಗೆ ಹೂತಿಟ್ಟಿದ್ದ ಒಂದು ಮಣ್ಣಿನ ಹಂಡೆ ಸಿಕ್ಕಿತು. ಒಳಗೆ 13 ಹೊತ್ತಗೆಗಳು. ಚರ್ಚು ತಳ್ಳಿಹಾಕಿದ್ದ ನಾಸ್ಟಿಕ್ ಪಂಥದ ಬರಹಗಳೇ ಅದರಲ್ಲಿ ಹೆಚ್ಚು. ಕೆಲವು ಹಾಳೆಗಳನ್ನು ತನ್ನ ತಾಯಿ ಒಲೆಗೆ ಹಾಕಿದಳೆಂದು ಹಂಡೆ ಕಂಡವನೇ ಮುಂದೆ ಹೇಳಿದ. 'ನಾಸಿಸ್' ಎಂಬ ಗ್ರೀಕ್ ಪದವೂ ನಮ್ಮ 'ಜ್ಞಾನ'ವೂ ಒಂದೇ ಬೇರಿನವು. ನಿನ್ನೊಳಗೇ ದೈವದ ಕಿಡಿಯಿದೆ, ಅದನ್ನು ಅರಿ ಎಂಬುದು ಆ ಪಂಥದ ಮಾತು. ವಿಜಯದಾಸರು ಇದನ್ನು ಒಪ್ಪುತ್ತಿರಲಿಲ್ಲ. ಅವರ ದ್ವೈತದಲ್ಲಿ ಜೀವ ಪ್ರತಿಬಿಂಬ, ಹರಿ ಬಿಂಬ. ತನ್ನನ್ನು ಅರಿಯುವುದೆಂದರೆ ತಾನು ಯಾರ ಪ್ರತಿಬಿಂಬವೆಂದು ಅರಿಯುವುದು. ನನಗೆ ಎರಡನೆಯದೇ ಹೆಚ್ಚು ವಿನಯದ ಮಾತಾಗಿ ಕಾಣುತ್ತದೆ.

ನಮ್ಮ ಬರಹಗಳನ್ನು ಯಾರೂ ಹೂಳಬೇಕಾಗಿ ಬರಲಿಲ್ಲ. ಹಾಗೆಂದು ಅವು ಕ್ಷೇಮವಾಗಿದ್ದವು ಎನ್ನುವಂತೆಯೂ ಇಲ್ಲ. ದಾಸರ ಪದಗಳನ್ನು ಮೊದಲಿಗೆ ಅಚ್ಚು ಹಾಕಿಸಿದವರಲ್ಲಿ ಒಬ್ಬರು ಕ್ರೈಸ್ತ ಪಾದ್ರಿ: ಮಂಗಳೂರಿನ ಹರ್ಮನ್ ಮೋಗ್ಲಿಂಗ್, 1850ರಲ್ಲಿ. ರಾಯಚೂರು ಕಡೆಯ ಮನೆಮನೆಗಳಲ್ಲಿ ಉಳಿದಿದ್ದ ಸುಳಾದಿಗಳು ಪುಸ್ತಕವಾಗಲು ಲಿಂಗಸುಗೂರಿನ ಗೋರಬಾಳ ಹನುಮಂತರಾಯರೇ ಬರಬೇಕಾಯಿತು. ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದಿಂದ ಅವರು ಸಂಪುಟದ ಮೇಲೆ ಸಂಪುಟ ತಂದರು. ವಿಜಯದಾಸರು ಇಪ್ಪತ್ತೈದು ಸಾವಿರ ಕೃತಿಗಳನ್ನು ರಚಿಸಿದರೆಂಬ ಪ್ರತೀತಿಯಿದೆ; ಸಿಕ್ಕಿರುವುದು ಅದರಲ್ಲಿ ಸ್ವಲ್ಪ.

ಕಾರ್ತಿಕ ಶುದ್ಧ ದಶಮಿಗೆ ಚಿಪ್ಪಗಿರಿಯಲ್ಲಿ ದಾಸರ ಆರಾಧನೆ. ಹೋಗಲಾಗದವರು ಮನೆಯ ಹಳೇ ಟ್ರಂಕನ್ನಾದರೂ ತೆಗೆದು ನೋಡಿ. ಅಜ್ಜಿಯ ಹಾಡಿನ ಪುಸ್ತಕ, ಯಾವ ಲಿಪಿಯಲ್ಲೇ ಇರಲಿ, ರದ್ದಿಗೆ ಹಾಕುವ ಮೊದಲು ಪ್ರತಿ ಹಾಡಿನ ಕೊನೆಯ ಸಾಲು ಓದಿ. ವಿಜಯವಿಠ್ಠಲ ಅಲ್ಲಿ ಇದ್ದಾನು.