ಟೇಬಲ್ ಸಿಗುತ್ತಿಲ್ಲವೇ? ಯಾರ ಮೆಮೊರಿಯಲ್ಲಿ ಹುಡುಕುತ್ತಿದ್ದೀರಿ?

‘ಸರ್, ಮುಂಜಾನೆ ಚಲೋ ನಡೀತಿತ್ರೀ, ಈಗ ಟೇಬಲ್ಲ ಇಲ್ಲ ಅಂತೈತ್ರಿ.’ ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂದಾಗ ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಲ್ಯಾಬ್‌ಗಳಲ್ಲಿ ಏಳುವಂಥ ದೂರು ಇದು. 1947ರಲ್ಲಿ ಶುರುವಾದ ಬಿವಿಬಿ ಕಾಲೇಜಿನಿಂದ (ಈಗಿನ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ) 2016ರ ಐಐಟಿವರೆಗೆ, ಅವಳಿ ನಗರದಲ್ಲಿ ಕೋಡ್ ಬರೆಯುವ ಮಕ್ಕಳಿಗೇನೂ ಬರವಿಲ್ಲ. ಅವರಿಗೆ ನನ್ನ ಮಾತು ಇಷ್ಟೇ: ಲಾಕ್, ಥ್ರೆಡ್ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ನಿಮ್ಮ ಎಲ್ಲ ಕನೆಕ್ಷನ್‌ಗಳು ಒಂದೇ ಡೇಟಾಬೇಸ್ ನೋಡುತ್ತಿವೆಯೇ ಎಂದು ಖಚಿತ ಮಾಡಿಕೊಳ್ಳಿ.

ದುರ್ಗದಬೈಲಿನ ಕಿರಾಣಿ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಒಳಗೆ ಎಸ್‌ಕ್ಯೂಲೈಟ್, ರಿಚರ್ಡ್ ಹಿಪ್ 2000ದಲ್ಲಿ ಹೊರತಂದ, ಇಂದು ಪ್ರತಿ ಆಂಡ್ರಾಯ್ಡ್ ಫೋನಿನಲ್ಲಿರುವ ಪುಟ್ಟ ಡೇಟಾಬೇಸ್. ಅದಕ್ಕೆ ‘:ಮೆಮೊರಿ:’ ಎಂಬ ವಿಳಾಸ ಕೊಟ್ಟರೆ ಪ್ರತಿ ಕನೆಕ್ಷನ್‌ಗೂ ಪ್ರತ್ಯೇಕ ಖಾಲಿ ಡೇಟಾಬೇಸ್ ಹುಟ್ಟುತ್ತದೆ. ಮುಂದೆ ಹಿಕಾರಿಯಂಥ ಕನೆಕ್ಷನ್ ಪೂಲ್ ಇಟ್ಟರೆ ಅದರ ಡಿಫಾಲ್ಟ್ ಮಿತಿ 10 ಕನೆಕ್ಷನ್. ಅಂದರೆ ಹತ್ತು ಡೇಟಾಬೇಸ್. ಸಾಮಾನಿನ ಪಟ್ಟಿ ಇರುವುದು ಒಂದರಲ್ಲಿ ಮಾತ್ರ. ಪೂಲ್ ಆ ಕನೆಕ್ಷನ್ ಕೊಟ್ಟಾಗ ಬಿಲ್ ಬರುತ್ತದೆ, ಬೇರೆಯದನ್ನು ಕೊಟ್ಟಾಗ ಇಲ್ಲ. ಒಬ್ಬನೇ ಕೂತು ಪರೀಕ್ಷಿಸುವಾಗ ಸರಿಯಾಗಿದ್ದದ್ದು ನಾಲ್ಕು ಜನ ಒಟ್ಟಿಗೆ ಬಳಸಿದಾಗ ಕೆಡುವುದು ಹೀಗೆ. ಶೇರ್ಡ್ ಕ್ಯಾಶ್ ಹಾಕಿದರೆ ಡೇಟಾ ಎಲ್ಲರಿಗೂ ಕಾಣುತ್ತದೆ, ಆದರೆ ಲಾಕ್ ಇಡೀ ಟೇಬಲ್ಲಿಗೆ ಬೀಳುತ್ತದೆ. ಬ್ಯುಸಿ ಟೈಮ್‌ಔಟ್ ಎಷ್ಟು ಹೆಚ್ಚಿಸಿದರೂ ಆ ಲಾಕ್‌ಗೆ ಕಾಯುವುದಿಲ್ಲ. 2021ರ 3.36 ಆವೃತ್ತಿಯಿಂದ ಎಸ್‌ಕ್ಯೂಲೈಟ್‌ನದೇ ಇನ್-ಮೆಮೊರಿ ವ್ಯವಸ್ಥೆಯಾದ ‘ಮೆಮ್‌ಡಿಬಿ’ಗೆ ಓರೆಗೆರೆಯಿಂದ ಶುರುವಾಗುವ ಹೆಸರು ಕೊಟ್ಟು, ಒಂದೇ ಪ್ರೋಗ್ರಾಮಿನ ಕನೆಕ್ಷನ್‌ಗಳು ಡೇಟಾ ಹಂಚಿಕೊಳ್ಳಬಹುದು. ಅದೇ ಮೇಲು.

ಜಾವಾದ ಎಚ್2 ಡೇಟಾಬೇಸ್ ಕೂಡ ಹೆಸರಿಲ್ಲದ ವಿಳಾಸ ಕೊಟ್ಟರೆ ಪ್ರತಿ ಕನೆಕ್ಷನ್‌ಗೂ ಪ್ರತ್ಯೇಕ ಡೇಟಾಬೇಸ್ ಹುಟ್ಟಿಸುತ್ತದೆ. ಹೆಸರಿಟ್ಟರೂ ಕೊನೆಯ ಕನೆಕ್ಷನ್ ಮುಚ್ಚಿದೊಡನೆ ಎಲ್ಲ ಅಳಿಯುತ್ತದೆ. ಅದಕ್ಕೇ ‘ಡಿಬಿ ಕ್ಲೋಸ್ ಡಿಲೇ’ಯನ್ನು -1 ಮಾಡಬೇಕು. ಬೇರೆ ಜೆವಿಎಂನಲ್ಲಿ ತೆರೆದ ಕನ್ಸೋಲ್‌ಗೆ ಈ ಡೇಟಾ ನೇರವಾಗಿ ಕಾಣುವುದೇ ಇಲ್ಲ. ಅದಕ್ಕೂ ತೋರಿಸಬೇಕೆಂದರೆ ನಿಮ್ಮ ಅಪ್ಲಿಕೇಶನ್ ಒಳಗೇ ಎಚ್2ರ ಟಿಸಿಪಿ ಸರ್ವರ್ ಶುರುಮಾಡಬೇಕು.

ಇಷ್ಟೆಲ್ಲ ಸರಿಯಿದ್ದೂ ಪ್ರೋಗ್ರಾಂ ನಿಂತರೆ, ಆಗ ಲಾಕ್ ಹುಡುಕಿ. ಎಚ್2ರ ಇನ್ಫರ್ಮೇಶನ್ ಸ್ಕೀಮಾದ ‘ಸೆಷನ್ಸ್’ ಟೇಬಲ್ ತೆರೆದರೆ ‘ಬ್ಲಾಕರ್ ಐಡಿ’ ಎಂಬ ಕಾಲಂ ಇದೆ. ಯಾರಿಂದ ಯಾರು ತಡೆದು ನಿಂತಿದ್ದಾರೆಂದು ಅದು ಹೇಳುತ್ತದೆ. ತಡೆದಿರುವ ಸೆಷನ್ನಿನ ಕೋಡ್‌ನಲ್ಲಿ ಮೊದಲು ನೋಡಬೇಕಾದ್ದು, ಎಕ್ಸೆಪ್ಶನ್ ಬಂದ ದಾರಿಯಲ್ಲಿ ರೋಲ್‌ಬ್ಯಾಕ್ ಇದೆಯೇ ಎಂಬುದನ್ನು.