ಬಾಯಿಂದ ಕಾಗದಕ್ಕೆ: ಕ್ರಿಮಿನಲ್ ಕೇಸನ್ನು ಓದುವ ಬಗೆ

2000ನೇ ಇಸವಿ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೇ ಸುಟ್ಟರು. ಚಿಂತಾಮಣಿ ತಾಲೂಕು ಆಗ ಕೋಲಾರ ಜಿಲ್ಲೆಯಲ್ಲೇ ಇತ್ತು; 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದಾಗ ಆ ಕಡೆ ಹೋಯಿತು. 2006ರ ಡಿಸೆಂಬರಿನಲ್ಲಿ ವಿಚಾರಣಾ ಕೋರ್ಟು ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಇದ್ದವು, ಸುಟ್ಟ ಮನೆ ಇತ್ತು. ಸುಟ್ಟವರು ಮಾತ್ರ ಕೋರ್ಟಿನ ಕಾಗದದಲ್ಲಿ ಯಾರೂ ಇಲ್ಲ.

ಕಂಬಾಲಪಲ್ಲಿ ನಮಗೆ ಘೋಷಣೆಯಾಯಿತು, ಧರಣಿಯಾಯಿತು, ಭಾಷಣದಲ್ಲಿ ಬರುವ ಊರಿನ ಹೆಸರಾಯಿತು. ಆ ಕೇಸು ಎಲ್ಲಿ, ಯಾವ ಹಂತದಲ್ಲಿ, ಹೇಗೆ ಸೋತಿತು ಅನ್ನೋದನ್ನು ಕೂತು ಓದಿದವರು ಕಡಿಮೆ. ಪುರಾಣವನ್ನು, ಕಾದಂಬರಿಯನ್ನು ಕೈಗೆತ್ತಿಕೊಂಡರೆ ನಾವು ಕೇಳುವ ಪ್ರಶ್ನೆಗಳಿವೆ. ಇಲ್ಲಿ ಮಾತಾಡ್ತಾ ಇರೋನು ಯಾರು? ಯಾರ ಮಾತನ್ನು ಯಾರು ಬರೆದರು? ಬರೆಯುವಾಗ ಏನು ಬಿಟ್ಟುಹೋಯಿತು? ಇದೇ ಪ್ರಶ್ನೆಗಳನ್ನು ಎಫ್‌ಐಆರ್‌ಗೆ, ಮಹಜರಿಗೆ, ಚಾರ್ಜ್‌ಶೀಟಿಗೆ, ತೀರ್ಪಿಗೆ ಕೇಳದಿದ್ದರೆ ದಲಿತ ವಿಮರ್ಶೆ ಅರ್ಧ ಕೆಲಸ ಮಾಡಿದಂತೆ. ಕೇಸು ಹೇಗೆ ನಡೆಯುತ್ತೆ ಅಂತ ಇಲ್ಲಿ ಹೇಳ್ತಾ ಇರೋದು ಆ ಕಾರಣಕ್ಕೆ.

ಮೊದಲು ಒಂದು ಮೂಲ ವಿಷಯ. ಕ್ರಿಮಿನಲ್ ಕೇಸಿನಲ್ಲಿ ಪೆಟ್ಟು ತಿಂದವನು ಪಕ್ಷಗಾರ ಅಲ್ಲ. ಕೇಸು ಸರ್ಕಾರದ್ದು, ವಕೀಲ ಸರ್ಕಾರದವನು. ಪೆಟ್ಟು ತಿಂದವನು ಒಬ್ಬ ಸಾಕ್ಷಿ, ಅಷ್ಟೆ. ನಮ್ಮ ಜನ 'ನಮ್ಮ ಕೇಸು' ಅಂತಾರೆ, ಕಾನೂನು ಹಾಗೆ ಅನ್ನೋದಿಲ್ಲ. ಸಾಬೀತು ಮಾಡುವ ಹೊಣೆ ಪೂರ್ತಿ ಸರ್ಕಾರದ ಮೇಲೆ, ಅದೂ ಸಂಶಯಕ್ಕೆ ಎಡೆಯಿಲ್ಲದ ಹಾಗೆ. ಈ ತತ್ವವನ್ನು ಬೈಯುವ ಅವಸರ ಬೇಡ. ದೇಶದ ಜೈಲುಗಳಲ್ಲಿ ದಲಿತರು, ಆದಿವಾಸಿಗಳು, ಮುಸ್ಲಿಮರು ಜನಸಂಖ್ಯೆಯಲ್ಲಿ ತಮಗಿರುವ ಪಾಲಿಗಿಂತ ಹೆಚ್ಚಾಗಿದ್ದಾರೆ. ಸುಳ್ಳು ಕಳ್ಳತನದ ಕೇಸಿನಲ್ಲಿ ಸಿಕ್ಕಿಬಿದ್ದ ನಮ್ಮ ಹುಡುಗನನ್ನು ಕಾಯೋದೂ ಇದೇ ತತ್ವ.

ಇನ್ನೊಂದು ಕೋರ್ಟಿದೆ. ಅದಕ್ಕೆ ಕಟ್ಟಡ ಬೇಡ, ಅರಳಿಕಟ್ಟೆ ಸಾಕು. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ಭೂತಾಯಮ್ಮನ ಉತ್ಸವದ ಹೊತ್ತಿಗೆ ದಲಿತ ಹುಡುಗನೊಬ್ಬ ದೇವರ ಕೋಲು ಮುಟ್ಟಿದ. ಊರ ದೊಡ್ಡವರು ಆ ಮನೆಗೆ 60,000 ರೂಪಾಯಿ ದಂಡ ಹಾಕಿದರು, ಕಟ್ಟದಿದ್ದರೆ ಊರು ಬಿಡಿ ಅಂದರು. ಈ ಕೋರ್ಟಿಗೆ ಚಾರ್ಜ್‌ಶೀಟಿಲ್ಲ, ವಾಯಿದೆಯಿಲ್ಲ, ಅಪೀಲಿಲ್ಲ. ಸುದ್ದಿ ಹೊರಗೆ ಬಂದ ಮೇಲೆ ಮಾಸ್ತಿ ಠಾಣೆಯಲ್ಲಿ ಕೇಸು ದಾಖಲಾಯಿತು. ಮಾಸ್ತಿ ಎಂದರೆ ಕನ್ನಡ ಮೇಷ್ಟ್ರುಗಳಿಗೆ ಸಣ್ಣಕತೆ ನೆನಪಾಗುತ್ತೆ. ಸುತ್ತಮುತ್ತಲ ಕಾಲೋನಿಯವರಿಗೆ ಅದು ಪೊಲೀಸ್ ಠಾಣೆಯೂ ಹೌದು.

ಠಾಣೆಗೆ ಬರೋಣ. ಗಂಭೀರ ಅಪರಾಧದ ಸುದ್ದಿ ಬಂದರೆ ಎಫ್‌ಐಆರ್ ಮಾಡಲೇಬೇಕು ಎಂದು 2013ರಲ್ಲಿ ಲಲಿತಾ ಕುಮಾರಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೆಯ 154ನೇ ಕಲಂ ಈಗ 173. ಯಾವ ಠಾಣೆಯ ಸರಹದ್ದು ಅಂತ ನೋಡದೆ ದೂರು ತಗೋಬೇಕು ಅನ್ನೋದು ಈಗ ಕಾನೂನಿನಲ್ಲೇ ಬಂದಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಹದಿನಾಲ್ಕು ದಿನದ ಪ್ರಾಥಮಿಕ ವಿಚಾರಣೆ ಮಾಡಬಹುದು ಎಂಬ ಮಾತೂ ಅದರಲ್ಲಿದೆ. ಅಟ್ರಾಸಿಟಿ ಕಾಯ್ದೆಯ 18ಎ ಕಲಂ ಅಂಥ ವಿಚಾರಣೆಯ ಅಗತ್ಯವೇ ಇಲ್ಲ ಎನ್ನುತ್ತೆ. ಈ 18ಎ ಪುಕ್ಕಟೆ ಬಂದದ್ದಲ್ಲ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಹಲ್ಲು ಕಿತ್ತಾಗ ಏಪ್ರಿಲ್ 2ರಂದು ಭಾರತ ಬಂದ್ ನಡೆದು, ಪ್ರಾಣ ಹೋಗಿ, ಆಮೇಲೆ ಪಾರ್ಲಿಮೆಂಟು ತಂದ ಕಲಂ ಇದು. ಠಾಣೆಯಲ್ಲಿ 'ವಿಚಾರಿಸಿ ನೋಡ್ತೀವಿ, ನಾಳೆ ಬನ್ನಿ' ಅಂದರೆ ಈ ನಂಬರು ಹೇಳಿ.

ದೂರು ಬರೆಯೋದು ಠಾಣೆಯ ರೈಟರ್. ಕೇಸಿನ ಹಣೆಬರಹ ಮುಕ್ಕಾಲು ಪಾಲು ಆ ಮೇಜಿನ ಮೇಲೆ ಮುಗಿಯುತ್ತೆ ಅನ್ನೋದು ನನ್ನ ಮಾತು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯ ಮಾತು ಬಹಳ ಜನಕ್ಕೆ ತೆಲುಗು. ಬೈದವನು ಬೈದದ್ದು ತೆಲುಗಿನಲ್ಲಿ, ಬೈಸಿಕೊಂಡವಳು ಹೇಳಿದ್ದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ. ರೈಟರ್ ಬರೆಯೋದು ಠಾಣೆಯ ಕನ್ನಡದಲ್ಲಿ: 'ಅವಾಚ್ಯ ಶಬ್ದಗಳಿಂದ ನಿಂದಿಸಿ, ಜಾತಿ ನಿಂದನೆ ಮಾಡಿ, ಪ್ರಾಣ ಬೆದರಿಕೆ ಹಾಕಿರುತ್ತಾರೆ.' ಮುಂದೆ ಕೇಸು ಹೈಕೋರ್ಟಿಗೆ ಹೋದಾಗ ಅದು ಇಂಗ್ಲಿಷಾಗುತ್ತೆ. ಮೂರು ಭಾಷೆ ದಾಟುವಷ್ಟರಲ್ಲಿ ಆಕೆಯ ಎದೆಗೆ ನಾಟಿದ ಮಾತು ಎಲ್ಲೂ ಇರೋದಿಲ್ಲ.

ಇದು ಬರೀ ಭಾಷೆಯ ಗೋಳಲ್ಲ, ಕೇಸು ಬೀಳೋದು ಇಲ್ಲೇ. ಅಟ್ರಾಸಿಟಿ ಕಾಯ್ದೆಯಲ್ಲಿ ಜಾತಿಯ ಹೆಸರು ಹಿಡಿದು ಬೈಯುವ ಅಪರಾಧಕ್ಕೆ ಬೇರೆ ಕಲಮೇ ಇದೆ: 3(1)(ಎಸ್). ಬೈದದ್ದು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು ಎಂಬ ಷರತ್ತೂ ಅದಕ್ಕಿದೆ. ಹೊರಗಿನವರು ಯಾರೂ ಇಲ್ಲದೆ ಮನೆಯ ನಾಲ್ಕು ಗೋಡೆಯೊಳಗೆ ಆದರೆ ಅದು ಅಂಥ ಜಾಗ ಅಲ್ಲ ಎಂದು 2020ರಲ್ಲಿ ಹಿತೇಶ್ ವರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಾಗಾಗಿ 'ಅವಾಚ್ಯ ಶಬ್ದ' ಎಂಬ ಎರಡು ಪದ ಆರೋಪಿಯ ವಕೀಲನಿಗೆ ವರ. ಯಾವ ಶಬ್ದ? ಎಲ್ಲಿ ನಿಂತು ಅಂದ? ಡೇರಿ ಹತ್ತಿರವೋ, ನಲ್ಲಿ ಹತ್ತಿರವೋ? ಪಕ್ಕದಲ್ಲಿ ಯಾರಿದ್ದರು? ದೂರಿನಲ್ಲಿ ಇದ್ಯಾವುದೂ ಇಲ್ಲದೆ, ಎರಡು ವರ್ಷ ಆದ ಮೇಲೆ ಕಟಕಟೆಯಲ್ಲಿ ಹೇಳಿದರೆ 'ಇದು ಆಮೇಲೆ ಸೇರಿಸಿದ್ದು' ಅಂತಾನೆ ವಕೀಲ. ಬೈದ ಮಾತನ್ನು ಬೈದ ಭಾಷೆಯಲ್ಲೇ, ಕನ್ನಡ ಲಿಪಿಯಲ್ಲಿ, ಇದ್ದ ಹಾಗೇ ಬರೆಸಬೇಕು. ನಾಚಿಕೆ ಬೈದವನಿಗಿರಲಿ. ನಮ್ಮ ಕತೆಗಾರರು ಊರಿನ ಬೈಗುಳವನ್ನು ಕನ್ನಡ ಸಾಹಿತ್ಯದೊಳಕ್ಕೆ ತಂದು ಎಷ್ಟೋ ವರ್ಷವಾಯಿತು. ಠಾಣೆಯ ಕನ್ನಡ ಇನ್ನೂ ಮಡಿ ಉಟ್ಟುಕೊಂಡೇ ಕೂತಿದೆ.

ಓದಿಸಿ ಕೇಳದೆ ಸಹಿ ಹಾಕಬಾರದು, ಹೆಬ್ಬೆಟ್ಟು ಒತ್ತಬಾರದು. ಎಫ್‌ಐಆರ್ ನಕಲು ಪುಕ್ಕಟೆ ಕೊಡಬೇಕು. ಅದೇ ಸಂಜೆಗೆ ಎದುರು ಪಾರ್ಟಿಯಿಂದ ಕೌಂಟರ್ ಕೇಸು ಬಿದ್ದಿರುತ್ತೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ: ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದರು, ಕೊಲೆಗೆ ಯತ್ನಿಸಿದರು ಅಂತ. ಮೂರು ದಿನಕ್ಕೆ ರಾಜಿಯ ಮಾತು ಬರುತ್ತೆ, 'ನೀನು ತಗೋ, ಅವರೂ ತಗೋತಾರೆ.' ಅಟ್ರಾಸಿಟಿ ಕೇಸು ರಾಜಿ ಆಗುವಂಥದ್ದಲ್ಲ. ಆದರೂ ಹೈಕೋರ್ಟಿಗೆ ಹೋಗಿ ರದ್ದು ಮಾಡಿಸೋ ದಾರಿ ಇದೆ. ತಕ್ಕ ಪ್ರಕರಣಗಳಲ್ಲಿ ಹಾಗೆ ಮಾಡಬಹುದು ಎಂದು 2021ರಲ್ಲಿ ರಾಮಾವತಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಒಪ್ಪಿದೆ. ರಾಜಿ ಯಾವ ಒತ್ತಡದಲ್ಲಿ ಆಯಿತು ಎಂದು ನೋಡಬೇಕು ಅಂತಲೂ ಕೋರ್ಟು ಹೇಳುತ್ತೆ. ನೋಡೋದು ಮತ್ತೆ ಕಾಗದವನ್ನೇ ತಾನೆ.

ಆಮೇಲೆ ತನಿಖೆ. 1995ರ ನಿಯಮಗಳ ಪ್ರಕಾರ ಅಟ್ರಾಸಿಟಿ ಕೇಸಿನ ತನಿಖೆ ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ; ಅರವತ್ತು ದಿನದೊಳಗೆ ಚಾರ್ಜ್‌ಶೀಟು ಹಾಕಬೇಕು. ಜಾಗದ ಮಹಜರು ಮಾಡುವಾಗ ಪಂಚರು ಅಂತ ಇಬ್ಬರು ಸಹಿ ಹಾಕ್ತಾರೆ. ಇವರು ಬಹುಪಾಲು ಠಾಣೆಗೆ ಬೇಕಾದವರೋ ಊರ ಗೌಡರಿಗೆ ಬೇಕಾದವರೋ ಆಗಿರ್ತಾರೆ, ಕೋರ್ಟಿಗೆ ಬಂದು 'ಖಾಲಿ ಹಾಳೆಗೆ ಸಹಿ ಹಾಕಿದೆ' ಅಂದುಬಿಡ್ತಾರೆ. ಪಂಚರ ಹೆಸರು ಯಾರದು ಅಂತ ಆವತ್ತೇ ನೋಡಬೇಕಾದ್ದು ನಮ್ಮ ಕಾರ್ಯಕರ್ತರ ಕೆಲಸ. ಪೊಲೀಸರು 'ಬಿ ರಿಪೋರ್ಟ್' ಹಾಕಿ ಕೇಸು ಮುಚ್ಚಿದರೆ ತಕರಾರು ಅರ್ಜಿ ಹಾಕಬಹುದು. ಈ ಹಂತದಲ್ಲಿ ಇಷ್ಟು ಗೊತ್ತಿದ್ದರೆ ಸಾಕು.

ಸಾಕ್ಷಿಗಳ ಹೇಳಿಕೆ ಮಾತ್ರ ಬಿಡಿಸಿ ಹೇಳಬೇಕಾದ ವಿಷಯ, ಕಂಬಾಲಪಲ್ಲಿ ಸೋತದ್ದು ಇಲ್ಲಿ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಹಿ ಇರೋದಿಲ್ಲ, ಅದು ಪುರಾವೆಯೂ ಅಲ್ಲ. ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದ್ದು ಮಾತ್ರ ಪುರಾವೆ. ಠಾಣೆಯಲ್ಲಿ 'ಇಂಥವರು ಬೆಂಕಿ ಇಟ್ಟರು' ಅಂದವನು ಕೋರ್ಟಿನಲ್ಲಿ 'ಕತ್ತಲಿತ್ತು, ನೋಡಲಿಲ್ಲ' ಅಂದರೆ ಮೊದಲ ಹೇಳಿಕೆ ಅವನ ಮಾತಿನ ವಿರೋಧಾಭಾಸ ತೋರಿಸಲು ಬಂದೀತು, ಆರೋಪಿಯನ್ನು ಶಿಕ್ಷಿಸಲು ಬಾರದು. ಇದನ್ನೇ ಸಾಕ್ಷಿ ಉಲ್ಟಾ ಹೊಡೆಯೋದು ಅಂತೀವಿ. ಕಂಬಾಲಪಲ್ಲಿಯ ಕಣ್ಣಾರೆ ಕಂಡ ಸಾಕ್ಷಿಗಳು ಉಲ್ಟಾ ಹೊಡೆದರು. ಕೋರ್ಟಿನ ಕೈಯಲ್ಲಿ ಏಳು ಸಾವು ಉಳಿಯಿತು, ಕೊಂದವರ ಹೆಸರು ಉಳಿಯಲಿಲ್ಲ.

ಅವರನ್ನು ಹೇಡಿಗಳು ಅನ್ನೋದು ಸುಲಭ. ಬೆಂಕಿ ಬಿದ್ದದ್ದು 2000ದಲ್ಲಿ, ತೀರ್ಪು ಬಂದದ್ದು 2006ರಲ್ಲಿ. ಆರು ವರ್ಷ ನಮ್ಮ ಕಡೆಯ ಸಾಕ್ಷಿಯೊಬ್ಬ ಎಲ್ಲಿ ಬದುಕುತ್ತಾನೆ ಯೋಚಿಸಿ. ಕೂಲಿ ಅವರ ಟೊಮ್ಯಾಟೊ ತೋಟದಲ್ಲಿ, ಮಾವಿನ ಕಾಲದಲ್ಲಿ ಕಾಯಿ ಕೀಳೋದು ಅವರ ತೋಪಿನಲ್ಲಿ, ನೀರು ಅವರ ಬೋರಿನದು, ಹಾಲು ಹಾಕೋ ಡೇರಿಯ ಸೆಕ್ರೆಟರಿ ಅವರ ಅಣ್ಣತಮ್ಮ. ಸಮನ್ಸ್ ಬಂದರೆ ಕೂಲಿ ಬಿಟ್ಟು ಬಸ್ಸು ಹತ್ತಿ ಕೋಲಾರದ ಕೋರ್ಟಿಗೆ ಹೋಗಬೇಕು. ಅದೇ ಬಸ್ಸಿನಲ್ಲಿ ಆರೋಪಿಯೂ ಕೂತಿರ್ತಾನೆ, 'ಏನಪ್ಪಾ, ಚೆನ್ನಾಗಿದೀಯಾ' ಅಂತ ಕೇಳ್ತಾನೆ. ಬೆದರಿಕೆಗೆ ಅಷ್ಟೇ ಸಾಕು. ಕೋರ್ಟಿನ ದಾಖಲೆಯಲ್ಲಿ ಇದು ಬರೋದಿಲ್ಲ. 'ಸಾಕ್ಷಿಯು ಪ್ರತಿಕೂಲವಾಗಿ ನುಡಿದಿರುತ್ತಾರೆ' ಎಂಬ ಒಂದು ಸಾಲು ಬರುತ್ತೆ.

ಅಮೆರಿಕದ ಒಂದು ಕೇಸನ್ನು ಇದರ ಪಕ್ಕ ಇಟ್ಟು ನೋಡಬೇಕು. ಅಲ್ಲಿ ಅನೇಕ ಕಡೆ ಸರ್ಕಾರಿ ವಕೀಲನನ್ನು ಜನ ವೋಟು ಹಾಕಿ ಆರಿಸುತ್ತಾರೆ. ವಿಚಾರಣೆ ನಡೆದರೆ ತಪ್ಪಿತಸ್ಥನೋ ಅಲ್ಲವೋ ಅಂತ ಹೇಳೋದು ಸಾಮಾನ್ಯವಾಗಿ ಹನ್ನೆರಡು ಜನರ ಜ್ಯೂರಿ. ಸಿನಿಮಾದಲ್ಲಿ ಕಾಣೋದು ಅದೇ. ನಿಜದಲ್ಲಿ ಶಿಕ್ಷೆಯಾಗುವ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ವಿಚಾರಣೆಯೇ ಇಲ್ಲದೆ, ಶಿಕ್ಷೆ ಕಡಿಮೆ ಮಾಡ್ತೀವಿ ತಪ್ಪೊಪ್ಪಿಕೋ ಎಂಬ ಚೌಕಾಸಿಯಲ್ಲಿ ಮುಗಿಯುತ್ತವೆ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮ್ಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಇಬ್ಬರು ಬಿಳಿಯರು ಎತ್ತಿಕೊಂಡು ಹೋಗಿ ಕೊಂದರು. ಅವನ ಅಜ್ಜಿಯ ಕಡೆಯ ಮುದುಕ ಮೋಸ್ ರೈಟ್ ತುಂಬಿದ ಕೋರ್ಟಿನಲ್ಲಿ ಎದ್ದು ನಿಂತು, ಬಿಳಿಯರ ಕಡೆ ಬೆರಳು ಮಾಡಿ ತೋರಿಸಿದ. ಸಾಕ್ಷಿ ಗಟ್ಟಿಯಾಗಿ ನಿಂತಿದ್ದ. ಜ್ಯೂರಿಯಲ್ಲಿದ್ದ ಹನ್ನೆರಡೂ ಬಿಳಿ ಗಂಡಸರು ಒಂದು ಗಂಟೆಯ ಆಸುಪಾಸಿನಲ್ಲಿ ಆರೋಪಿಗಳನ್ನು ಬಿಟ್ಟುಬಿಟ್ಟರು. ಮರುವರ್ಷ ಆ ಇಬ್ಬರೂ ಒಂದು ಪತ್ರಿಕೆಯಿಂದ ದುಡ್ಡು ತಗೊಂಡು, ಕೊಂದದ್ದು ನಾವೇ ಅಂತ ಹೇಳಿಕೊಂಡರು. ಒಮ್ಮೆ ಬಿಡುಗಡೆಯಾದ ಕೇಸಿನಲ್ಲಿ ಮತ್ತೆ ವಿಚಾರಣೆ ಮಾಡುವಂತಿರಲಿಲ್ಲ. ಮೋಸ್ ರೈಟ್ ಹುಟ್ಟಿದ ನಾಡು ಬಿಟ್ಟು ಶಿಕಾಗೋಗೆ ಹೋಗಬೇಕಾಯಿತು. ನಮ್ಮಲ್ಲಿ ಜ್ಯೂರಿ ಹೋಗಿ ಎಷ್ಟೋ ವರ್ಷವಾಯಿತು. ಅಲ್ಲಿ ಜಾತಿ ಜ್ಯೂರಿಯ ಬೆಂಚಿನ ಮೇಲೆ ಕೂತಿತ್ತು. ಇಲ್ಲಿ ಸಾಕ್ಷಿಯ ಮನೆ ಬಾಗಿಲಲ್ಲಿ ಕೂತಿರುತ್ತೆ.

ಹಾಗಾದರೆ ಸಾಕ್ಷಿಯನ್ನು ಉಳಿಸಿಕೊಳ್ಳೋದು ಹೇಗೆ? ಕಂಬಾಲಪಲ್ಲಿ ಕಾಲದಲ್ಲಿ ಇಲ್ಲದ ಕೆಲವು ಹಿಡಿಕೆಗಳು ಈಗ ಇವೆ. 2015ರ ತಿದ್ದುಪಡಿಯಲ್ಲಿ ಬಂದ 15ಎ ಕಲಂ ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆ, ಪ್ರಯಾಣದ ಖರ್ಚು, ಬೇಕಾದರೆ ಬೇರೆ ಊರಿನಲ್ಲಿ ನೆಲೆ ಕೊಡಬೇಕು ಎನ್ನುತ್ತೆ. ಆರೋಪಿಯ ಜಾಮೀನು ಅರ್ಜಿ ಬಂದರೆ ಸಂತ್ರಸ್ತರಿಗೆ ನೋಟೀಸು ಹೋಗಬೇಕು, ಅವರ ಮಾತು ಕೇಳಬೇಕು. 2018ರ ಡಿಸೆಂಬರಿನಲ್ಲಿ ಮಹೇಂದರ್ ಚಾವ್ಲಾ ಕೇಸಿನಲ್ಲಿ ಸಾಕ್ಷಿ ರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಕಾನೂನು ಮಾಡಿತು. ಎಲ್ಲಕ್ಕಿಂತ ಮುಖ್ಯ ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ, ಹಳೆಯ 164, ಈಗಿನ 183. ಹತ್ತು ವರ್ಷ ಅಥವಾ ಅದಕ್ಕೂ ಮೇಲ್ಪಟ್ಟ ಶಿಕ್ಷೆಯ ಕೇಸುಗಳಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟ್ ಬರೆದುಕೊಳ್ಳಲೇಬೇಕು. ಇದರಿಂದ ಸಾಕ್ಷಿ ಉಲ್ಟಾ ಹೊಡೆಯೋದೇ ಇಲ್ಲ ಅಂತಲ್ಲ, ಹೊಡೆಯೋದು ಕಷ್ಟ ಆಗುತ್ತೆ. ಭಯ ತಾಜಾ ಇರೋದಕ್ಕಿಂತ ಮುಂಚೆ ಸಿಟ್ಟು ತಾಜಾ ಇರುತ್ತಲ್ಲ, ಆ ವಾರದಲ್ಲೇ ಇದನ್ನು ಮಾಡಿಸಬೇಕು. ಸರ್ಕಾರಿ ವಕೀಲನ ಮೇಲೆ ನಂಬಿಕೆಯಿಲ್ಲವೆಂದರೆ ನಿಯಮ 4(5)ರ ಪ್ರಕಾರ ಹಿರಿಯ ವಕೀಲರೊಬ್ಬರನ್ನು ನೇಮಿಸಿ ಎಂದು ಡಿಸಿಗೆ ಅರ್ಜಿ ಕೊಡಬಹುದು.

ಜಾತಿಯ ಕಾರಣಕ್ಕೇ ಮಾಡಿದ ಅಂತ ಸಾಬೀತು ಮಾಡೋ ಹಳೆಯ ತೊಡಕೂ ದೊಡ್ಡ ಅಪರಾಧಗಳಲ್ಲಿ ಸಡಿಲವಾಗಿದೆ. ಜಾತಿ ಗೊತ್ತಿದ್ದೂ ಮಾಡಿದ ಅಂದರೆ ಸಾಕು. ಆರೋಪಿಗೆ ಆ ಮನೆಯವರ ಪರಿಚಯ ಇತ್ತು ಅಂತ ತೋರಿಸಿದರೆ ಜಾತಿಯೂ ಗೊತ್ತಿತ್ತು ಎಂದೇ ಕೋರ್ಟು ತಿಳಿಯಬೇಕು. ನಮ್ಮ ಹಳ್ಳಿಗಳಲ್ಲಿ ಯಾರ ಜಾತಿ ಯಾರಿಗೆ ಗೊತ್ತಿಲ್ಲ?

ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರನ್ನು ಹೊಡೆದು ಗುಡಿಸಲು ಸುಟ್ಟರು. ಆ ದಾಳಿಯಲ್ಲಿ ಯಾರೂ ಸಾಯಲಿಲ್ಲ. 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮನೆಗೆ ಬೆಂಕಿ ಇಡೋದಕ್ಕೆ ಅಟ್ರಾಸಿಟಿ ಕಾಯ್ದೆಯಲ್ಲಿರುವ ಶಿಕ್ಷೆಯೇ ಜೀವಾವಧಿ. ಇನ್ನೂ ಮೂವರು ಪರಿಶಿಷ್ಟರೇ ಆದ್ದರಿಂದ ಅವರಿಗೆ ಕಾಯ್ದೆ ಅನ್ವಯಿಸಲಿಲ್ಲ, ಐದು ವರ್ಷವಾಯಿತು. ಮುಂದಿನ ತಿಂಗಳೇ ಧಾರವಾಡದ ಹೈಕೋರ್ಟ್ ಪೀಠದಿಂದ ಬಹುಪಾಲು ಜನಕ್ಕೆ ಜಾಮೀನಾಯಿತು. ಏಳು ಜನ ಸತ್ತ ಕೇಸಿನಲ್ಲಿ ಯಾರಿಗೂ ಶಿಕ್ಷೆಯಿಲ್ಲ, ಗುಡಿಸಲು ಸುಟ್ಟ ಕೇಸಿನಲ್ಲಿ 98 ಜನಕ್ಕೆ ಜೀವಾವಧಿ. ಎರಡು ಕಾಗದದ ಕಟ್ಟನ್ನೂ ಪಕ್ಕಪಕ್ಕ ಇಟ್ಟು ಓದುವ ವಿಮರ್ಶಕ ನಮಗೆ ಬೇಕಾಗಿದ್ದಾನೆ. ತೀರ್ಪಿನ ದೃಢೀಕೃತ ನಕಲನ್ನು ಸಂತ್ರಸ್ತರು ಅರ್ಜಿ ಹಾಕಿ ತಗೋಬೇಕು. ಅಟ್ರಾಸಿಟಿ ಕೇಸಿನಲ್ಲಿ ಹೈಕೋರ್ಟಿಗೆ ಅಪೀಲು ಹೋಗಲು ತೊಂಬತ್ತು ದಿನ. ಅರ್ಜಿಯನ್ನು ತೀರ್ಪು ಬಂದ ದಿನವೇ ಕೊಟ್ಟು, ಕೊಟ್ಟದ್ದಕ್ಕೆ ರಸೀತಿ ಇಟ್ಟುಕೊಳ್ಳಿ.